ನಮ್ಮ ಮೈಸೂರಿನಲ್ಲಿ ಇಪ್ಪತ್ತೊಂದು ಕಿಲೋಮೀಟರು

ಹೆಂಗಸರು ಓಡುವುದಿಲ್ಲ ಎಂದವರು ಯಾರು? ಬೆಳಗಾದರೆ ಉಕ್ಕುವ ಹಾಲಿನ ಕಡೆಗೆ ಓಟ. ನಲ್ಲಿಯಲ್ಲಿ ನೀರು ಬಂತೆಂದರೆ ಬಿಂದಿಗೆ ಹಿಡಿದು ಓಟ. ಶಾಲೆಯ ವ್ಯಾನು ಹಾರನ್ ಹೊಡೆದರೆ ಟಿಫಿನ್ ಡಬ್ಬಿ ಹಿಡಿದು ಗೇಟಿನವರೆಗೆ ಓಟ. ನಾಲ್ಕು ಹನಿ ಬಿತ್ತೋ, ಮಹಡಿಯ ಮೇಲೆ ಒಣಹಾಕಿದ ಸಂಡಿಗೆಯ ಕಡೆಗೆ ಓಟ. ಲೆಕ್ಕ ಹಾಕಿದರೆ ನಮ್ಮಲ್ಲಿ ಒಬ್ಬೊಬ್ಬರೂ ಮದುವೆಯಾದಂದಿನಿಂದ ಕಾಶಿಗೆ ಹೋಗಿ ಬರುವಷ್ಟು ದೂರ ಓಡಿಯೇ ಇದ್ದೇವೆ! ಆದರೆ ಯಾವ ಕೆಲಸವೂ ಇಲ್ಲದೆ, ಕೈಯಲ್ಲಿ ಚೀಲವೂ ಇಲ್ಲದೆ, ಹುಟ್ಟಿ ಬೆಳೆದ ಊರಿನ ನಡುಬೀದಿಯಲ್ಲಿ ಎಲ್ಲರೆದುರಿಗೆ ಓಡುವುದೆಂದರೆ ಅದು ಬೇರೆಯೇ ಮಾತು.

2023ರ ಚಳಿಗಾಲದ ಒಂದು ಭಾನುವಾರ ನಾನು ಅದನ್ನೇ ಮಾಡಿದೆ. ನಮ್ಮ ಮೈಸೂರಿನಲ್ಲಿ ನಡೆದ ಅರ್ಧ ಮ್ಯಾರಥಾನಿನಲ್ಲಿ ಓಡಿದೆ. ಆಗ ನನಗೆ ಐವತ್ತೆರಡು ವಯಸ್ಸು. ಇಬ್ಬರು ಮಕ್ಕಳ ತಾಯಿ, ಒಂದು ಮನೆಯ ಸೊಸೆ, ಶಾಲೆ ಬಿಟ್ಟ ಮೇಲೆ ಓಟದ ಪಂದ್ಯವೆಂಬುದನ್ನು ಕಂಡವಳಲ್ಲ. ಬಹುಮಾನ ಗೆದ್ದ ಕಥೆ ಇದಲ್ಲ. ನನ್ನ ಹಿಂದೆ ಇದ್ದವರನ್ನು ಬೆರಳ ಮೇಲೆ ಎಣಿಸಬಹುದಿತ್ತು. ಆದರೂ ಆ ಬೆಳಗಿನ ವಿಚಾರ ನಿಮ್ಮೊಡನೆ ಹಂಚಿಕೊಳ್ಳಬೇಕೆನ್ನಿಸಿತು.

ಏನಿದು ಮ್ಯಾರಥಾನ್?

ಪೂರ್ತಿ ಮ್ಯಾರಥಾನ್ ಎಂದರೆ 42 ಕಿಲೋಮೀಟರು 195 ಮೀಟರು. ಈ ವಿಚಿತ್ರ ಲೆಕ್ಕ ಬಂದದ್ದು 1908ರ ಲಂಡನ್ ಒಲಿಂಪಿಕ್ಸ್‌ನಿಂದ. ವಿಂಡ್ಸರ್ ಅರಮನೆಯ ಬಳಿ ಓಟ ಶುರುವಾಗಿ, ಕ್ರೀಡಾಂಗಣದಲ್ಲಿ ರಾಜಮನೆತನದವರು ಕುಳಿತ ಕಡೆಗೆ ಮುಗಿಯುವಂತೆ ಅಂದು ದಾರಿ ಅಳೆದರು. ಅದೇ ಅಳತೆ ಮುಂದೆ ಕಾಯಮ್ಮಾಯಿತು. ಅದರ ಅರ್ಧ, ಅಂದರೆ 21 ಕಿಲೋಮೀಟರಿನ ಮೇಲೆ ಇನ್ನೊಂದು ನೂರು ಮೀಟರು, ಅರ್ಧ ಮ್ಯಾರಥಾನ್.

ಹೆಂಗಸರಿಗೆ ಈ ದಾರಿ ಸುಲಭವಾಗಿ ತೆರೆಯಲಿಲ್ಲ. 1928ರ ಒಲಿಂಪಿಕ್ಸ್‌ನಲ್ಲಿ 800 ಮೀಟರು ಓಡಿದ ಹೆಂಗಸರು ದಣಿದು ಕುಸಿದರೆಂದು ಗುಲ್ಲೆಬ್ಬಿಸಿ, 1960ರವರೆಗೆ ಆ ಓಟವನ್ನೇ ಹೆಂಗಸರಿಗೆ ಇಲ್ಲವಾಗಿಸಿದರು. ದೂರ ಓಡಿದರೆ ಗರ್ಭಕೋಶ ಜಾರುತ್ತದೆ ಎಂದು ಹೆದರಿಸಿದವರೂ ಇದ್ದರು. (ತಲೆಯ ಮೇಲೆ ಎರಡು ಕೊಡ, ಕಂಕುಳಲ್ಲಿ ಒಂದು ಮಗು ಹೊತ್ತು ಮೈಲಿಗಟ್ಟಲೆ ನಡೆಯುವಾಗ ಮಾತ್ರ ಜಾರುವುದಿಲ್ಲ, ನೋಡಿ!) 1967ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥ್ರೀನ್ ಸ್ವಿಟ್ಜರ್ ಎಂಬ ತರುಣಿ ಹೆಸರಿನ ಮೊದಲಕ್ಷರಗಳನ್ನಷ್ಟೇ ಬರೆದು ನಂಬರು ಪಡೆದು ಓಡಿದಾಗ, ವ್ಯವಸ್ಥಾಪಕರೊಬ್ಬರು ದಾರಿಯಲ್ಲೇ ಮೈಮೇಲೆ ಬಿದ್ದು ಆ ನಂಬರು ಕಿತ್ತುಕೊಳ್ಳಲು ಹೋದರು. ಆಕೆ ನಿಲ್ಲಲಿಲ್ಲ, ಓಡಿ ಮುಗಿಸಿದಳು. ಬಾಸ್ಟನ್ನಿನವರು ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಕೊಟ್ಟದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಬಂದದ್ದು 1984ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ನಮ್ಮ ಪಿ. ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿಸಿಕೊಂಡದ್ದೂ ಅದೇ ಕೂಟದಲ್ಲಿ. ಅಂದು ಟಿ.ವಿ. ಇದ್ದ ಮನೆಯಲ್ಲಿ ಜಮಾಯಿಸಿ ಮರುಗಿದ್ದು ನಿಮಗೂ ನೆನಪಿರಬಹುದು.

ಯಾಕೆ ಈ ಉಸಾಬರಿ?

ನನಗೆ ಓಡುವ ಹುಚ್ಚು ಹತ್ತಿದ್ದು ಇವರನ್ನೆಲ್ಲ ನೋಡಿಯಲ್ಲ. ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು, "ಸಕ್ಕರೆ ಗಡಿಯ ಮೇಲೆ ಬಂದು ಕೂತಿದೆಯಮ್ಮಾ" ಎಂದರು. ನನ್ನ ತಾಯಿಗೂ ಸಕ್ಕರೆ ಕಾಯಿಲೆ. ಕಾಲಿನ ಹುಣ್ಣು ಮಾಯದೆ ಎರಡು ಬೆರಳು ತೆಗೆಸಬೇಕಾಯಿತು. ಒಂದು ಕಾಲಕ್ಕೆ ಅಗ್ರಹಾರದಿಂದ ಕುಕ್ಕರಹಳ್ಳಿ ಕೆರೆಯವರೆಗೆ ನಡೆದು ಹೋಗಿ ಬರುತ್ತಿದ್ದವಳು, ಕಡೆಯ ಎರಡು ವರ್ಷ ಕಿಟಕಿಯ ಪಕ್ಕದ ಮಂಚ ಬಿಟ್ಟು ಇಳಿಯಲಿಲ್ಲ. "ಕೆರೆ ತುಂಬಿದೆಯೇನೇ? ಹಕ್ಕಿ ಬಂದಿವೆಯೇನೇ?" ಎಂದು ಕೇಳುತ್ತಿದ್ದಳು. 2011ರಲ್ಲಿ ತೀರಿಕೊಂಡಳು. ಡಾಕ್ಟರ ಮಾತು ಕೇಳಿ ಹೊರಗೆ ಬಂದಾಗ ನನಗೆ ಮೊದಲು ನೆನಪಾದದ್ದು ಆ ಮಂಚ. ಮಾತ್ರೆಗಿಂತ ಮುಂಚೆ ಕಾಲು ಆಡಲಿ ಎಂದುಕೊಂಡೆ.

ಕೆರೆಯ ಸುತ್ತಿನ ಹಾದಿ ಸುಮಾರು ನಾಲ್ಕೂವರೆ ಕಿಲೋಮೀಟರು. ಮೊದಲ ತಿಂಗಳು ಬರೀ ನಡಿಗೆ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಇದು ನನ್ನ ಉಪಾಯವಲ್ಲ. 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದ ಅಮೆರಿಕದ ಜೆಫ್ ಗ್ಯಾಲೋವೆ ಹೊಸಬರಿಗೆಂದು ಹೇಳಿಕೊಟ್ಟು ಪ್ರಸಿದ್ಧವಾದ ಕ್ರಮ. ದಣಿವಾದ ಮೇಲೆ ನಿಲ್ಲುವುದಲ್ಲ, ದಣಿವಾಗುವ ಮುಂಚೆಯೇ ನಡೆಯುವುದು ಅದರ ಗುಟ್ಟು. ಮೇ ತಿಂಗಳಲ್ಲಿ ಶುರು ಮಾಡಿದವಳು ನವರಾತ್ರಿ ಕಳೆಯುವ ಹೊತ್ತಿಗೆ ಹದಿನೆಂಟು ಕಿಲೋಮೀಟರು ಮುಟ್ಟಿದ್ದೆ.

ಕಾಲಿನದು ಹೀಗೆ ಸರಿಹೋಯಿತು. ಕಣ್ಣುಗಳದೇ ತೊಂದರೆ. ನನ್ನವಲ್ಲ, ಊರವರವು! ಪರಊರಿನಲ್ಲಾದರೆ ಯಾರೋ ಓಡುತ್ತಿದ್ದಾಳೆ ಎನ್ನುತ್ತಾರೆ. ಸ್ವಂತ ಊರಿನಲ್ಲಿ ಹಾಗಲ್ಲ. ಇಂಥವರ ಮಗಳು, ಇಂಥವರ ಸೊಸೆ, ಇಂಥ ಹುಡುಗನ ತಾಯಿ ಓಡುತ್ತಿದ್ದಾಳೆ. "ಮನೆಯಲ್ಲಿ ಎಲ್ಲ ಸರಿಯಾಗಿದೆ ತಾನೇ?" ಎಂದು ಒಬ್ಬರು ನಿಜವಾಗಿಯೂ ನಮ್ಮ ಯಜಮಾನರನ್ನು ಕೇಳಿದರಂತೆ. ನಮ್ಮತ್ತೆಯವರದು ಇನ್ನೂ ನೇರ ಪ್ರಶ್ನೆ: "ಯಾರು ಅಟ್ಟಿಸಿಕೊಂಡು ಬರ್ತಾರೆ ಅಂತ ಓಡ್ತೀಯೆ?"

ತ್ರಿವೇಣಿಯವರ ಊರು ನಮ್ಮದು. ಅವರ ‘ಶರಪಂಜರ’ದ ಕಾವೇರಿ ಗುಣವಾಗಿ ಮನೆಗೆ ಬಂದರೂ ಸುತ್ತಲಿನವರ ಕಣ್ಣುಗಳು ಅವಳನ್ನು ಬಿಡಲಿಲ್ಲವಲ್ಲ, ಅದನ್ನು ಓದಿಯೋ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿಯೋ ಅತ್ತವರೇ ನಾವೆಲ್ಲ. ಆ ಕಣ್ಣುಗಳ ಮುಂದೆ ಮೂರು ಗಂಟೆ ಓಡಬೇಕಲ್ಲಾ ಎಂಬ ಅಳುಕು, ನಿಜ ಹೇಳುತ್ತೇನೆ, ಮಂಡಿನೋವಿಗಿಂತ ದೊಡ್ಡದಾಗಿತ್ತು.

ಊರು ಏಳುವ ಮುನ್ನ

ಬೆಳಿಗ್ಗೆ ಐದೂವರೆಗೆ ಓವಲ್ ಮೈದಾನದ ಬಳಿಯಿಂದ ಹೊರಟೆವು. ಇನ್ನೂ ಕತ್ತಲು. ಕಂಪನಿಗಳ ಕೆಲಸಕ್ಕೆ ಹೋಗುವ ಹುಡುಗ ಹುಡುಗಿಯರು ಕೈಗಡಿಯಾರ ಒತ್ತಿಕೊಂಡು ಜಿಂಕೆಗಳಂತೆ ಹಾರಿ ಹೋದರು. ನಾನು ನನ್ನ ಪಾಡಿಗೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ.

ಮಾನಸಗಂಗೋತ್ರಿಯ ಮರಗಳ ನಡುವೆ ಹಕ್ಕಿಗಳು ಆಗತಾನೇ ಎದ್ದಿದ್ದವು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾಯಿತು. ಈ ಆವರಣಕ್ಕೆ ಈ ಚೆಂದದ ಹೆಸರಿಟ್ಟವರು ಕುಲಪತಿಗಳಾಗಿದ್ದ ಕುವೆಂಪು. ಅವರು ವಾಯುವಿಹಾರಕ್ಕೆ ಬರುತ್ತಿದ್ದ ಕುಕ್ಕರಹಳ್ಳಿ ಕೆರೆ ಪಕ್ಕದಲ್ಲೇ ಇದೆ. 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕೆರೆ. ನೀರಿನ ಮೇಲೆ ಮಂಜು ಹಬ್ಬಿತ್ತು. ಕೆರೆ ತುಂಬಿದೆ, ಹೆಜ್ಜಾರ್ಲೆಗಳು ಬಂದಿವೆ ಎಂದು ಮನಸ್ಸಿನಲ್ಲೇ ಅಮ್ಮನಿಗೆ ವರದಿ ಒಪ್ಪಿಸಿ ಮುಂದೆ ಹೋದೆ.

ಆವರಣದೊಳಗೇ ಜಯಲಕ್ಷ್ಮೀ ವಿಲಾಸ ಇದೆ. ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಅರಮನೆ. 1897ರಲ್ಲಿ ಇವರ ಮದುವೆಯ ಸಮಯದಲ್ಲೇ ಮರದ ಹಳೆಯ ಅರಮನೆ ಬೆಂಕಿಗೆ ಆಹುತಿಯಾಯಿತು. ಅದರ ಜಾಗದಲ್ಲಿ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಸಿದ್ಧವಾದದ್ದೇ ನಾವು ನೆಂಟರಿಗೆಲ್ಲ ತೋರಿಸುವ ಈಗಿನ ಅರಮನೆ.

ಹುಣಸೂರು ರಸ್ತೆಯಲ್ಲಿ ಕಲಾಮಂದಿರ ದಾಟಿ ರೈಲ್ವೆ ಸ್ಟೇಷನ್ನಿನ ಕಡೆಗೆ ತಿರುಗುವಾಗ ಒಂದು ಸಂಗತಿ ಹೊಳೆಯಿತು. ನಾವೆಲ್ಲ ಜೆ.ಎಲ್.ಬಿ. ರಸ್ತೆ, ಜೆ.ಎಲ್.ಬಿ. ರಸ್ತೆ ಎನ್ನುತ್ತೇವಲ್ಲ, ಅದು ಝಾನ್ಸಿ ಲಕ್ಷ್ಮೀಬಾಯಿ ರಸ್ತೆ! ಕುದುರೆ ಏರಿ ಹೋದವಳ ಹೆಸರಿನ ರಸ್ತೆಯಲ್ಲಿ ಇಷ್ಟು ವರ್ಷ ತರಕಾರಿ ಚೀಲ ಹಿಡಿದು ಅಂಚಿನಲ್ಲಿ ನಡೆದಿದ್ದೇನೆ. ಅತ್ತ ಕಡೆ ಇರುವುದು ಚೆಲುವಾಂಬಾ ಮ್ಯಾನ್ಷನ್. ಅದೂ ಒಬ್ಬ ರಾಜಕುಮಾರಿಯದೇ. 1950ರಿಂದ ಅಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಇದೆ. ಎಮ್ಮೆಯ ಹಾಲಿನಿಂದ ಕೂಸುಗಳ ಆಹಾರ ತಯಾರಿಸುವ ವಿಧಾನ ಕಂಡುಹಿಡಿದು ಎಷ್ಟೋ ತಾಯಂದಿರಿಗೆ ನೆರವಾದ ಸಂಸ್ಥೆ. ಕೆ.ಆರ್.ಎಸ್. ರಸ್ತೆಯ ಕ್ಷಯ ಆಸ್ಪತ್ರೆಗೆ ಕೃಷ್ಣಾಜಮ್ಮಣ್ಣಿಯವರ ಹೆಸರು. ಹೆರಿಗೆ ಆಸ್ಪತ್ರೆಗೆ ಚೆಲುವಾಂಬೆಯ ಹೆಸರು. ಬೆಟ್ಟದ ಮೇಲೆ ಕುಳಿತವಳಂತೂ ಊರನ್ನೇ ಆಳುವ ತಾಯಿ. ಹೆಂಗಸರ ಹೆಸರಿಗೆ ಬರವಿಲ್ಲದ ಊರು ನಮ್ಮದು. ಹೆಸರಿದೆ ನಿಜ, ಆದರೆ ಹಾಲಿಗೆ, ಆಸ್ಪತ್ರೆಗೆ, ಶಾಲೆಗೆ, ಗುಡಿಗೆ ಎಂಬ ಕಾರಣ ಹೇಳದೆ ಈ ಬೀದಿಗಳಲ್ಲಿ ನಾನು ಕಾಲಿಟ್ಟದ್ದು ಅಂದೇ ಮೊದಲು.

ಹೂವಿನವಳ ಮಾತು

ಸಯ್ಯಾಜಿರಾವ್ ರಸ್ತೆಗೆ ಬರುವಷ್ಟರಲ್ಲಿ ಬೆಳಕು ಹರಿದಿತ್ತು. ದಸರೆಯ ಜಂಬೂ ಸವಾರಿ ಸಾಗುವ ರಸ್ತೆ ಇದು. ಚಿಕ್ಕಂದಿನಲ್ಲಿ ಅಪ್ಪನ ಹೆಗಲ ಮೇಲೆ ಕುಳಿತು ಆನೆ ನೋಡಿದ್ದು ಇಲ್ಲೇ. ಎಂದಾದರೂ ಜನ ಎರಡು ಬದಿಗೆ ನಿಂತು ನಾನು ನಡುವೆ ಹೋಗುವೆನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ಜನ ಎಂದರೆ ಅಂದು ಹತ್ತಿಪ್ಪತ್ತು ಮಂದಿ, ಎರಡು ಬೀದಿನಾಯಿ. ಇರಲಿ!

ದೇವರಾಜ ಮಾರುಕಟ್ಟೆಯ ಮುಂದೆ ಹೂವಿನ ಬುಟ್ಟಿಗಳು ಇಳಿಯುತ್ತಿದ್ದವು. ನೂರು ವರ್ಷಕ್ಕೂ ಹಳೆಯ ಮಾರುಕಟ್ಟೆ. 2016ರಲ್ಲಿ ಇದರ ಒಂದು ಭಾಗ ಕುಸಿದಾಗ ಮನೆಯವರಿಗೇ ಏನೋ ಆದಂತೆ ಸಂಕಟವಾಗಿತ್ತು. ನನಗೆ ಎಷ್ಟೋ ವರ್ಷದಿಂದ ಮಲ್ಲಿಗೆ, ಕನಕಾಂಬರ ಕೊಡುವ ಹೂವಿನಾಕೆ ನನ್ನನ್ನು ಕಂಡು ಎದ್ದು ನಿಂತಳು.

"ಏನಕ್ಕಾ, ಬಸ್ಸು ತಪ್ಪೋಯ್ತಾ?"

"ಇಲ್ಲಮ್ಮಾ, ಓಟದ ಸ್ಪರ್ಧೆ."

"ದುಡ್ಡು ಕೊಡ್ತಾರಾ?"

"ನಾವೇ ಕೊಡಬೇಕು."

"ಅಯ್ಯೋ ಶಿವನೇ! ಅದೇ ದುಡ್ಡು ನನಗೆ ಕೊಟ್ಟಿದ್ರೆ ನಿಮ್ಮ ಬದಲು ನಾನೇ ಓಡ್ತಿದ್ನಲ್ಲಕ್ಕಾ!"

ಸುತ್ತಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಕೆ.ಆರ್. ಸರ್ಕಲ್ ದಾಟಿ ಅರಮನೆಯ ಮುಂದೆ ಹೋಗುವಾಗಲೂ ಆ ಮಾತು ಕಿವಿಯಲ್ಲಿತ್ತು. ಆಕೆ ಏಳುವುದು ಬೆಳಗಿನ ಜಾವ ಮೂರಕ್ಕೆ. ಕತ್ತಲಲ್ಲಿ ರಸ್ತೆ ಗುಡಿಸುತ್ತಿದ್ದ ಪೌರಕಾರ್ಮಿಕ ಹೆಂಗಸರೂ ನಾವು ಹೊರಡುವ ಮುಂಚೆಯೇ ಎಷ್ಟೋ ದೂರ ನಡೆದಿದ್ದರು. ನಮಗೆ ಓಟ ಒಂದು ಬಿಡುವು. ಅವರಿಗೆ ಬಿಡುವೆಂದರೆ ಕೂರುವುದು. ನೋಡುವ ಕಣ್ಣುಗಳಿಗೆ ಇಷ್ಟು ಹೆದರುತ್ತಿದ್ದೆನಲ್ಲ, ದಿನವೂ ಆ ಕಣ್ಣುಗಳ ನಡುವೆಯೇ ದುಡಿದು ಬದುಕುವವರು ಎಷ್ಟು ಮಂದಿ! ಅಳುಕಿನ ಅರ್ಧಪಾಲು ಅಲ್ಲೇ ಇಳಿಯಿತು.

ಖಾಲಿ ಸೀಟು

ಹಾರ್ಡಿಂಜ್ ಸರ್ಕಲ್ಲಿನಿಂದ ಲಲಿತಮಹಲಿನ ಕಡೆಗೆ ರಸ್ತೆ ಮೆಲ್ಲನೆ ಏರುತ್ತದೆ. ಬಸ್ಸಿನಲ್ಲಿ ಕುಳಿತು ಹೋಗುವಾಗ ಈ ಏರು ಗೊತ್ತೇ ಆಗುವುದಿಲ್ಲ. ಕಾಲಿಗೆ ಮಾತ್ರ ಗೊತ್ತಾಗುತ್ತದೆ. ವೈಸರಾಯರು ಬಂದರೆ ತಂಗಲೆಂದು ನಾಲ್ವಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಬಿಳಿಯ ಅರಮನೆ ಅದು, 1974ರಲ್ಲಿ ಹೋಟೆಲಾಯಿತು. ಬಲಗಡೆಗೆ ಚಾಮುಂಡಿ ಬೆಟ್ಟ ತೆರೆ ಸರಿಸಿದಂತೆ ಕಾಣಿಸಿತು.

ಬೆಟ್ಟ ನೋಡುತ್ತಾ ಆಷಾಢ ಶುಕ್ರವಾರ ನೆನಪಾಯಿತು. ಅಂದು ಸಾವಿರ ಮೆಟ್ಟಿಲಿಗೂ ಬಗ್ಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹೆಂಗಸರನ್ನು ನೀವು ನೋಡಿರಬೇಕು. ಅರವತ್ತು ದಾಟಿದವರೂ ಇರುತ್ತಾರೆ, ಬರಿಗಾಲು, ಉಪವಾಸ ಬೇರೆ. ಅದಕ್ಕೆ ಯಾರೂ ಪದಕ ಕೊಡುವುದಿಲ್ಲ, ವ್ಯಾಯಾಮವೆಂದು ಕರೆಯುವುದೂ ಇಲ್ಲ. ನಮ್ಮಲ್ಲಿ ಶಕ್ತಿ ಇಲ್ಲವೆನ್ನುವುದು ಸುಳ್ಳು. ನಮ್ಮ ಸಲುವಾಗಿಯೇ ಅದನ್ನು ಬಳಸುವ ರೂಢಿ ಇಲ್ಲ, ಅಷ್ಟೇ.

ಹದಿನಾರನೇ ಕಿಲೋಮೀಟರಿಗೆ, ರೇಸ್ ಕೋರ್ಸಿನ ಹತ್ತಿರ, ಕಾಲು ಕಲ್ಲಾಯಿತು. ಬಿಸಿಲೂ ಏರುತ್ತಿತ್ತು. ಮೂರೂವರೆ ಗಂಟೆಯೊಳಗೆ ಮುಗಿಸಬೇಕೆಂಬುದು ನಿಯಮ. ಹಿಂದೆ ಉಳಿದವರನ್ನು ಹತ್ತಿಸಿಕೊಳ್ಳುವ ವ್ಯಾನೊಂದು ತೆವಳುತ್ತಾ ಬಂದು ನನ್ನ ಪಕ್ಕಕ್ಕೇ ಸೇರಿತು. "ಹತ್ತಿಕೊಳ್ತೀರಾ ಅಮ್ಮಾ? ಸೀಟು ಖಾಲಿ ಇದೆ" ಎಂದ ಡ್ರೈವರು, ಪಾಪ, ಕರುಣೆಯಿಂದಲೇ. ಜೀವಮಾನವೆಲ್ಲ ಸಿಟಿ ಬಸ್ಸಿನ ಖಾಲಿ ಸೀಟಿಗಾಗಿ ಓಡಿದವಳು ನಾನು. ಅದೇ ಖಾಲಿ ಸೀಟು ಹಿಂದಿನಿಂದ ಬಂದು ಕರೆಯುತ್ತಿದೆ! ಕೂತರೆ ಹತ್ತು ನಿಮಿಷದಲ್ಲಿ ಮನೆ. ಕಿಟಕಿ, ಮಂಚ, ಅಮ್ಮನ ಕಾಲು ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. "ಬೇಡಪ್ಪಾ, ನಡೆದಾದರೂ ಬರ್ತೀನಿ" ಎಂದೆ. ಬಾಯಿಗೆ ಒಂದು ಚೂರು ಬೆಲ್ಲ, ಎರಡು ಗುಟುಕು ನಿಂಬೆಹಣ್ಣಿನ ಪಾನಕ ಹಾಕಿಕೊಂಡು, ಮುಂದಿನ ದೀಪದ ಕಂಬದವರೆಗೆ, ಅಲ್ಲಿಂದ ಅದರ ಮುಂದಿನ ಕಂಬದವರೆಗೆ ಎಂದು ಎಣಿಸುತ್ತಾ ಹೋದೆ. ಮೃಗಾಲಯದ ಹತ್ತಿರ ಸಿಂಹ ಗರ್ಜಿಸಿದ್ದು ಕೇಳಿಸಿತು. ಅತ್ತೆಯವರ ಪ್ರಶ್ನೆಗೆ ಉತ್ತರ ಸಿಕ್ಕಿತು ಎನ್ನಿ. ಅಟ್ಟಿಸಿಕೊಂಡು ಬರುವವರು ಯಾರಾದರೂ ಇದ್ದರೆ ಇವನೇ! ನಗು ಬಂತು, ನಗುತ್ತಲೇ ಓಡಿದೆ.

ಗನ್‌ಹೌಸ್ ದಾಟಿ ಚಾಮರಾಜ ಜೋಡಿರಸ್ತೆಗೆ ಬಂದರೆ ನಮ್ಮ ಬಡಾವಣೆ. ನಾನು ಅತಿ ಹೆಚ್ಚು ಅಂಜಿದ್ದ ಜಾಗ. ಅಂಗಡಿಯವರು, ಹಾಲಿನವರು, ಇಸ್ತ್ರಿಯವರು, ಸ್ತ್ರೀ ಸಮಾಜದವರು ಎಲ್ಲರೂ ಹೊರಗೆ. ರಸ್ತೆಯ ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಎಪ್ಪತ್ತೆಂಟರ ನಮ್ಮತ್ತೆ ಕುಳಿತಿದ್ದಾರೆ! ಪಕ್ಕದ ಮನೆಯಾಕೆ "ಅದು ನಿಮ್ಮ ಸೊಸೆ ಅಲ್ವೇ?" ಎಂದು ನನ್ನನ್ನು ಮಾತಾಡಿಸಲು ಹೊರಟರು. ಅತ್ತೆ ಕೈ ಅಡ್ಡ ಹಿಡಿದರು. "ಹೌದು, ನನ್ನ ಸೊಸೆಯೇ. ಇನ್ನೂ ಒಂದು ಮೈಲಿ ಇದೆ ಅವಳಿಗೆ. ಮಾತಾಡಿಸಬೇಡಿ, ಉಸಿರು ತಪ್ಪುತ್ತೆ."

1947ರ ಮೈಸೂರು ಚಲೋ ಚಳವಳಿಯಲ್ಲಿ ಗುಂಡಿಗೆ ಬಲಿಯಾದ ವಿದ್ಯಾರ್ಥಿಯ ಹೆಸರಿನ ರಾಮಸ್ವಾಮಿ ವೃತ್ತ ಬಳಸಿ, ಕೃಷ್ಣರಾಜ ಬುಲೆವಾರ್ಡಿನ ಮರಗಳ ನೆರಳಲ್ಲಿ ಕಡೆಯ ಕಿಲೋಮೀಟರು. ಮೂರು ಗಂಟೆ ಇಪ್ಪತ್ತೊಂದು ನಿಮಿಷಕ್ಕೆ ಮುಗಿಸಿದೆ. ಒಂಬತ್ತು ನಿಮಿಷ ಇನ್ನೂ ಉಳಿದಿತ್ತು. ಮನೆಗೆ ಬಂದಾಗ ಅತ್ತೆಯವರು ಕೇಳಿದ್ದು ಒಂದೇ: "ಬಿಸಿನೀರು ಕಾದಿದೆ. ಮೊದಲು ಸ್ನಾನವೋ, ತಿಂಡಿಯೋ?"

ನೀವೂ ಹೊರಡುವುದಾದರೆ

ಬರೀ ಕಥೆ ಹೇಳಿ ಬಿಟ್ಟರೆ ಹೇಗೆ? ಅನುಭವದಿಂದ ತಿಳಿದ ನಾಲ್ಕು ಮಾತು ಕೇಳಿ.

ನಲವತ್ತು ದಾಟಿದವರು, ಸಕ್ಕರೆ, ರಕ್ತದ ಒತ್ತಡ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಂಡು ಬನ್ನಿ. ಸಕ್ಕರೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಓಡುವಾಗ ಸಕ್ಕರೆ ತೀರಾ ಇಳಿಯದಂತೆ ಏನು ಮಾಡಬೇಕೆಂದು ಅವರನ್ನೇ ಕೇಳಿ. ನನ್ನ ಸಕ್ಕರೆ ಈಗ ಗಡಿಯ ಈಚೆಗಿದೆ; ಆದರೆ ಓಟವೆಂದರೆ ಔಷಧಿ ಬಿಡುವ ಪರವಾನಗಿಯಲ್ಲ.

ತಯಾರಿಗೆ ಐದಾರು ತಿಂಗಳಾದರೂ ಬೇಕು. ವಾರಕ್ಕೆ ಮೂರು ನಾಲ್ಕು ದಿನ ಸಾಕು. ದೂರವನ್ನು ಒಮ್ಮೆಲೇ ಹೆಚ್ಚಿಸಬೇಡಿ. ಹತ್ತು ಕಿಲೋಮೀಟರು ಬಂದಿದ್ದರೆ ಮುಂದಿನ ವಾರ ಹನ್ನೊಂದು. ಪಕ್ಕದವರೊಡನೆ ಮಾತಾಡುತ್ತಾ ಓಡಲು ಆಗುವಷ್ಟೇ ವೇಗವಿರಲಿ. ಎದೆನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ.

ಸೀರೆಗೆ ಖರ್ಚು ಮಾಡುವಾಗ ಯೋಚಿಸದ ನಾವು ಶೂಗೆ ಜಿಪುಣತನ ಮಾಡುತ್ತೇವೆ. ಸಂಜೆಯ ಹೊತ್ತು ಪಾದ ಸ್ವಲ್ಪ ಊದಿರುತ್ತದೆ. ಆಗ ಹೋಗಿ ಹೆಬ್ಬೆರಳ ಮುಂದೆ ಅರ್ಧ ಬೆರಳಷ್ಟು ಜಾಗವಿರುವ ಓಟದ ಶೂ ಕೊಳ್ಳಿ. ಹೊಸ ಶೂ ಹಾಕಿ ಸ್ಪರ್ಧೆಗೆ ಹೋಗಬೇಡಿ. ಸಡಿಲವಾದ ಚೂಡಿದಾರ ಸಾಕು. ಬಟ್ಟೆ ಉಜ್ಜುವ ಕಡೆ ಕೊಬ್ಬರಿಎಣ್ಣೆ ಹಚ್ಚಿ. ಮಾಂಗಲ್ಯವನ್ನು ಒಳಗೆ ಪಿನ್ನು ಹಾಕಿಕೊಂಡರೆ ಎದೆಗೆ ಬಡಿಯುವುದಿಲ್ಲ.

ಹಿಂದಿನ ರಾತ್ರಿ ಅನ್ನ, ತಿಳಿಸಾರು, ಮೊಸರು. ಎಣ್ಣೆಯ ಪದಾರ್ಥ ಬೇಡ. ಬೆಳಿಗ್ಗೆ ಹೊರಡುವ ಒಂದು ಗಂಟೆ ಮುಂಚೆ ಬಾಳೆಹಣ್ಣು, ಅರ್ಧ ಲೋಟ ರಾಗಿ ಗಂಜಿ. ದಾರಿಗೆ ನನ್ನ ಪಾನಕ ಹೀಗೆ: ಅರ್ಧ ಲೀಟರು ನೀರಿಗೆ ಎರಡು ದೊಡ್ಡ ಚಮಚ ಬೆಲ್ಲದ ಪುಡಿ, ಒಂದು ನಿಂಬೆಹಣ್ಣಿನ ರಸ, ಎರಡು ಚಿಟಿಕೆ ಉಪ್ಪು, ಬೇಕಾದರೆ ಒಂದು ಏಲಕ್ಕಿ. ಸೋಸಿ ಸೀಸೆಗೆ ತುಂಬಿ. ಬಾಯಾರಿಕೆಯಾದಾಗ ಗುಟುಕು ಗುಟುಕಾಗಿ ಕುಡಿಯಿರಿ. ಬರೀ ನೀರನ್ನು ಅತಿಯಾಗಿ ಕುಡಿಯುವುದೂ ಒಳ್ಳೆಯದಲ್ಲ.

ನಿಮ್ಮ ಊರಿನಲ್ಲಿ ಸ್ಪರ್ಧೆ ನಡೆಯುವುದಿಲ್ಲವೇ? ಬೇಡ ಬಿಡಿ. ಶಾಲೆಯ ಮೈದಾನವಿದ್ದರೆ ಸಾಕು. ನಾನೂರು ಮೀಟರಿನ ಮೈದಾನದಲ್ಲಿ ಹನ್ನೆರಡೂವರೆ ಸುತ್ತು ಹಾಕಿದರೆ ಐದು ಕಿಲೋಮೀಟರಾಯಿತು. ಒಬ್ಬಳೇ ಹೋಗಲು ಸಂಕೋಚವಾದರೆ ಪಕ್ಕದ ಮನೆಯವಳನ್ನೂ ಕರೆಯಿರಿ. ಅಷ್ಟೂ ಆಗದಿದ್ದರೆ, ದಿನವೂ ತರಕಾರಿಗೆ ಹೋಗುವ ದಾರಿಯಲ್ಲೇ ಒಂದು ಬೆಳಿಗ್ಗೆ ಚೀಲ ಮನೆಯಲ್ಲಿ ಬಿಟ್ಟು, ಕೈ ಬೀಸಿಕೊಂಡು ಊರ ಕೊನೆಯವರೆಗೆ ಹೋಗಿ ಬನ್ನಿ. ಎಲ್ಲಿಗೆ ಎಂದು ಯಾರಾದರೂ ಕೇಳಿದರೆ, "ಎಲ್ಲಿಗೂ ಇಲ್ಲ" ಎನ್ನಿ. ಮೊದಲ ದಿನ ಹೇಳುವುದು ಕಷ್ಟ. ಆಮೇಲೆ ಅಭ್ಯಾಸವಾಗುತ್ತದೆ, ನಿಮಗೂ, ಕೇಳುವವರಿಗೂ.